ಘಟ್ಟದಲ್ಲಿ ಮಳೆ ಇಳಿದಾಗ ಜವಳಗೇರಾದಲ್ಲಿ ಮೋಡ ಏಳುತ್ತದೆ

ಸಿಂಧನೂರು ಬಿಟ್ಟು ರಾಯಚೂರಿನ ಕಡೆ ಹೊರಟ ಬಸ್ಸು ಜವಳಗೇರಾ ಸೀಮೆ ಮುಟ್ಟುವ ಹೊತ್ತಿಗೆ ಎರಡು ಬಗೆಯ ಹೊಲ ಕಣ್ಣಿಗೆ ಬೀಳುತ್ತವೆ. ಕಾಲುವೆ ನೀರು ಏರುವ ಕಡೆ ಹಸಿರು ಭತ್ತ, ಏರದ ಕಡೆ ಹರಗಿ ಹದಕ್ಕೆ ಬಿಟ್ಟ ಕರಿ ಎರೆ. ಸೆಪ್ಟೆಂಬರ್ ಎರಡನೇ ವಾರಕ್ಕೆ ಎರಡೂ ಹೊಲದವರು ಮಳೆಯ ಮಾತನ್ನೇ ಆಡುತ್ತಿರುತ್ತಾರೆ. ಭತ್ತದವರು ಕೇಳುವುದು ಶಿವಮೊಗ್ಗ, ತೀರ್ಥಹಳ್ಳಿ, ಶೃಂಗೇರಿ ಕಡೆ ಇನ್ನೂ ಹೊಯ್ಯುತ್ತಿದೆಯೇ, ತುಂಗಭದ್ರಾ ಡ್ಯಾಮಿಗೆ ಒಳಹರಿವು ಎಷ್ಟಿದೆ ಎಂದು. ಎರೆ ಹೊಲದವರು ನೋಡುವುದು ಮಧ್ಯಾಹ್ನ ಮೂರರ ಮೇಲೆ ಮೂಡಲಲ್ಲಿ ಕಪ್ಪಾಗುವ ಮೋಡವನ್ನು.

ಎರಡು ಕಡೆಯವರೂ ಸರಿಯಾದ ದಿಕ್ಕನ್ನೇ ನೋಡುತ್ತಿದ್ದಾರೆ. ಮುಂಗಾರು ಹಿಂದೆ ಸರಿಯುವ ಈ ಐದಾರು ವಾರಗಳಲ್ಲಿ ಮುನ್ನೂರು ಕಿಲೋಮೀಟರ್ ದೂರದ ಸಹ್ಯಾದ್ರಿಯ ಹವಾಮಾನವೂ ಜವಳಗೇರಾದ ನೆತ್ತಿಯ ಮೇಲಿನ ಹವಾಮಾನವೂ ಒಂದಕ್ಕೊಂದು ತಿರುವುಮುರುವಾಗಿ ಬದಲಾಗುತ್ತವೆ. ಅಲ್ಲಿ ಮಳೆ ಇಳಿಯುತ್ತದೆ, ಇಲ್ಲಿ ಏರುತ್ತದೆ. ಒಂದೇ ಊರಿನ ಅರ್ಧ ಬದುಕು ಅದಕ್ಕೆ, ಇನ್ನರ್ಧ ಇದಕ್ಕೆ ಕಟ್ಟುಬಿದ್ದಿದೆ.

ಜೂನ್‌ನಿಂದಲೇ ಶುರು ಮಾಡಬೇಕು. ಅರಬ್ಬಿ ಸಮುದ್ರದ ಮೇಲಿಂದ ತೇವ ಹೊತ್ತು ಬರುವ ಪಡುವಣ ಗಾಳಿಗೆ ಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರುತ್ತದೆ, ತಣಿಯುತ್ತದೆ, ಹೊತ್ತದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಬೆಟ್ಟ ಇಳಿದ ಮೇಲೆ ಅದೇ ಗಾಳಿ ಒಣಗಿ, ಬಿಸಿಯಾಗಿ ರಾಯಚೂರಿನ ಬಯಲಿಗೆ ಬರುತ್ತದೆ. ಇಲ್ಲಿ ವರ್ಷದ ಲೆಕ್ಕ ಆರುನೂರು ಮಿಲಿಮೀಟರಿನ ಆಸುಪಾಸು. ಆಷಾಢದಲ್ಲಿ ಈ ಸೀಮೆಗೆ ಬಂದವರು ನೋಡುವುದು ಗಾಳಿಯನ್ನು: ತಲೆಯ ಟವಲ್ ನಿಲ್ಲದು, ಕಣದಲ್ಲಿ ಹೊಟ್ಟು ನಿಲ್ಲದು, ಮೋಡ ಓಡುತ್ತಲೇ ಇರುತ್ತವೆ, ಬಿದ್ದರೂ ತುಂತುರು ಹನಿಯಷ್ಟೇ. ಕೃಷಿ ವಲಯಗಳ ವಿಂಗಡಣೆಯಲ್ಲಿ ಸಿಂಧನೂರು, ಲಿಂಗಸುಗೂರು ಎರಡೂ ಉತ್ತರ ಒಣ ವಲಯಕ್ಕೆ ಸೇರಿದ್ದು ಇದೇ ಕಾರಣಕ್ಕೆ.

ಈ ಸೀಮೆಯಲ್ಲೂ ಗುಡ್ಡಗಳಿವೆಯಲ್ಲ ಎಂದು ಕೇಳಬಹುದು. ಇವೆ. ಮುದಗಲ್ಲಿನ ಕೋಟೆ ನಿಂತದ್ದು ಗುಡ್ಡದ ಮೇಲೆ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಸಿಕ್ಕಿದ್ದು ಮಸ್ಕಿಯ ಬಂಡೆಗಲ್ಲಿನ ಗುಡ್ಡದಲ್ಲಿ. ಹಟ್ಟಿಯಿಂದ ಮಸ್ಕಿಯವರೆಗೆ ಚಿನ್ನದ ಗೆರೆಗಳಿರುವ ಪುರಾತನ ಶಿಲಾಪಟ್ಟಿ ಹಬ್ಬಿದೆ. ಆದರೆ ಇವು ಕೋಟಿಗಟ್ಟಲೆ ವರ್ಷ ಸವೆದು ಉಳಿದ ಕಲ್ಲಿನ ಬೆನ್ನುಗಳು. ಸಮುದ್ರದ ಗಾಳಿಯನ್ನು ತಡೆದು ಮಳೆ ಹಿಂಡುವ ಎತ್ತರ ಇವಕ್ಕಿಲ್ಲ. ಜವಳಗೇರಾಕ್ಕೆ ಲೆಕ್ಕಕ್ಕೆ ಬರುವ ಬೆಟ್ಟ ಕಣ್ಣಿಗೆ ಕಾಣದ ಬೆಟ್ಟವೇ.

ಸೆಪ್ಟೆಂಬರ್ ಹೊತ್ತಿಗೆ ಆಟ ಬದಲಾಗುತ್ತದೆ. ಪಡುವಣ ಗಾಳಿಯ ಜೋರು ತಗ್ಗುತ್ತದೆ. ಓಡುವ ಮೋಡದ ಹೊದಿಕೆ ಹರಿದು ಬಿಸಿಲು ನೇರ ನೆಲಕ್ಕೆ ಬೀಳುತ್ತದೆ. ಎರಡು ತಿಂಗಳ ತುಂತುರಿಗೆ ನೆನೆದ ನೆಲ, ಹಸಿರೆದ್ದ ಹೊಲ, ನೀರು ನಿಂತ ಗದ್ದೆ ಎಲ್ಲವೂ ಆವಿ ಬಿಡುತ್ತವೆ. ಮೇಲಿನ ಗಾಳಿಯ ಓಟ ನಿಧಾನವಾದ ಕಾರಣ ಈ ಆವಿ ಚದುರುವುದಿಲ್ಲ, ನೇರ ಮೇಲೇರುತ್ತದೆ. ಬೆಳಗ್ಗೆ ಹತ್ತಕ್ಕೆ ಹತ್ತಿಯ ಉಂಡೆಯಂತೆ ಚದುರಿ ನಿಂತ ಬಿಳಿ ಮೋಡಗಳು ಮೂರು ಗಂಟೆಗೆ ಕಪ್ಪು ಗೋಪುರಗಳಾಗುತ್ತವೆ, ಸಂಜೆ ಗುಡುಗುತ್ತವೆ. ಇದಕ್ಕೆ ಬಂಗಾಳ ಕೊಲ್ಲಿ ಕೈಗೂಡಿಸುತ್ತದೆ. ಈ ಕಾಲದಲ್ಲಿ ಅಲ್ಲಿ ಹುಟ್ಟುವ ವಾಯುಭಾರ ಕುಸಿತಗಳು ಆಂಧ್ರದ ಕರಾವಳಿ ದಾಟಿ ಪಶ್ಚಿಮಕ್ಕೆ ಸರಿಯುತ್ತವೆ. ಘಟ್ಟ ಅಡ್ಡ ಇಲ್ಲದ ಆ ದಾರಿಯಲ್ಲಿ ರಾಯಚೂರು ಮೊದಲು ಸಿಗುವ ಕನ್ನಡ ನೆಲಗಳಲ್ಲೊಂದು. ಹೀಗಾಗಿ ಆಗುಂಬೆಗೆ ಜುಲೈ ಮಳೆಯ ತಿಂಗಳಾದರೆ, ಈ ಬಯಲಿಗೆ ವರ್ಷದಲ್ಲೇ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್.

ಹವಾಮಾನ ಇಲಾಖೆ 2020ರಲ್ಲಿ ಮುಂಗಾರಿನ ದಿನಾಂಕಗಳನ್ನು ಪರಿಷ್ಕರಿಸಿತು. ಪಶ್ಚಿಮ ರಾಜಸ್ಥಾನದಿಂದ ಮುಂಗಾರು ಹಿಂದೆ ಸರಿಯಲು ಆರಂಭಿಸುವ ವಾಡಿಕೆಯ ದಿನ ಮೊದಲು ಸೆಪ್ಟೆಂಬರ್ 1 ಇತ್ತು, ಈಗ ಸೆಪ್ಟೆಂಬರ್ 17. ಇಡೀ ದೇಶದಿಂದ ನಿರ್ಗಮಿಸುವ ದಿನ ಅಕ್ಟೋಬರ್ 15. ಅಂದರೆ ಮುಂಗಾರು ಹೊರಡುವುದು ಎರಡು ವಾರಕ್ಕೂ ಹೆಚ್ಚು ತಡವಾಗಿದೆ ಎಂಬುದನ್ನು ಇಲಾಖೆ ಒಪ್ಪಿಕೊಂಡಂತಾಯಿತು.

ಜವಳಗೇರಾದ ಹಿರಿಯರ ಲೆಕ್ಕ ಬೇರೆ. ಆಗಸ್ಟ್ ಕೊನೆಗೆ ಹುಬ್ಬಿ ಮಳೆ, ಸೆಪ್ಟೆಂಬರ್ ನಡುವಿಗೆ ಉತ್ತರಿ, ತಿಂಗಳ ಕೊನೆಗೆ ಹಸ್ತ, ಅಕ್ಟೋಬರ್ 10ರ ಸುಮಾರಿಗೆ ಚಿತ್ತಿ, 23ರ ಸುಮಾರಿಗೆ ಸ್ವಾತಿ. ಹಬ್ಬಗಳು ಚಂದ್ರನ ಲೆಕ್ಕದಲ್ಲಿ ಹಿಂದೆಮುಂದೆ ಆಗುತ್ತವೆ, ಮಳೆ ನಕ್ಷತ್ರಗಳು ಮಾತ್ರ ಸೂರ್ಯನ ಲೆಕ್ಕದವು. ಪ್ರತಿವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಹದಿಮೂರು ಹದಿನಾಲ್ಕು ದಿನದ ಒಂದೊಂದು ಕಂತು ಬಿತ್ತನೆಯ ಯೋಜನೆಗೆ ಹೇಳಿ ಮಾಡಿಸಿದ ಅಳತೆ. ಉತ್ತರಿಗೆ ಹದ ಸಿಕ್ಕರೆ ಏನು ಬಿತ್ತಬೇಕು, ಹಸ್ತಕ್ಕೆ ಸಿಕ್ಕರೆ ಏನು, ಚಿತ್ತಿಯವರೆಗೂ ಸಿಗದಿದ್ದರೆ ಏನು ಎಂಬ ತೀರ್ಮಾನಗಳು ಈ ಕಂತುಗಳ ಮೇಲೇ ನಿಂತಿವೆ. ನಕ್ಷತ್ರ ಮಳೆ ತರುತ್ತದೆ ಎಂದು ನಂಬಬೇಕಿಲ್ಲ. ಪಂಚಾಂಗವನ್ನು ಕೃಷಿಯ ಕ್ಯಾಲೆಂಡರ್ ಎಂದು ಓದಿದರೆ ಅದರ ಬುದ್ಧಿವಂತಿಕೆ ಕಾಣುತ್ತದೆ.

ಇದೇ ಹೊತ್ತಿಗೆ ಬರುವವನು ಜೋಕುಮಾರ. ಭಾದ್ರಪದ ಶುದ್ಧ ಅಷ್ಟಮಿಗೆ ಹುಟ್ಟಿ, ಏಳು ದಿನ ಬದುಕಿ, ಹುಣ್ಣಿಮೆಗೆ ಸಾಯುವ ಮಣ್ಣಿನ ದೇವರು. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಅವನನ್ನು ಕೂರಿಸಿಕೊಂಡು, ಬಾಯಿಗೆ ಬೆಣ್ಣೆ ಮೆತ್ತಿ, ಹೆಣ್ಣುಮಕ್ಕಳು ಹಾಡುತ್ತ ಮನೆಮನೆಗೆ ಬರುತ್ತಾರೆ, ಮೊರದಲ್ಲಿ ಜೋಳ ಹಾಕಿಸಿಕೊಂಡು ಹೋಗುತ್ತಾರೆ. ಗಣಪತಿ ಭೂಲೋಕಕ್ಕೆ ಬಂದು ಕಡುಬು ಕಾಯಿ ತಿಂದು ಹೋಗಿ ಎಲ್ಲರೂ ಚೆನ್ನಾಗಿದ್ದಾರೆ ಎನ್ನುತ್ತಾನಂತೆ. ಜೋಕುಮಾರ ಕೇರಿ ಕೇರಿ ತಿರುಗಿ ನೋಡಿ, ಮಳೆಯಿಲ್ಲದೆ ಜನ ಒದ್ದಾಡುತ್ತಿದ್ದಾರೆ ಎಂದು ಶಿವನಿಗೆ ನಿಜ ಹೇಳುತ್ತಾನಂತೆ. ಆಮೇಲೆ ಮಳೆ. ಉತ್ತರ ಕರ್ನಾಟಕದ ಒಣ ಸೀಮೆಗೆ ಇಂಥ ದೇವರು ಭಾದ್ರಪದದಲ್ಲೇ ಏಕೆ ಬೇಕಾದ ಎನ್ನುವುದಕ್ಕೆ ಮೇಲಿನ ಮಳೆ ಲೆಕ್ಕವೇ ಉತ್ತರ. ಮುಂಗಾರಿನಲ್ಲಿ ಕೈಕೊಟ್ಟ ಮಳೆಯನ್ನು ಕೇಳಿ ಪಡೆಯಲು ಉಳಿದಿರುವ ಕೊನೆಯ ಅವಕಾಶ ಇದು.

ಘಟ್ಟದ ಮೇಲೆ ಇದೇ ದಿನಗಳಲ್ಲಿ ಹೊಯ್ಯುವ ಮಳೆ ಜಿನುಗಾಗಿ, ಜಿನುಗು ಮಂಜಾಗಿ, ನಡುನಡುವೆ ಬಿಸಿಲು ಇಣುಕತೊಡಗುತ್ತದೆ. ಮುಳ್ಳಯ್ಯನಗಿರಿಯ ಹುಲ್ಲು ಬಯಲು ಹೂ ಬಿಡುವುದು ಈಗಲೇ. 2022ರ ಸೆಪ್ಟೆಂಬರಿನಲ್ಲಿ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಕುರಿಂಜಿ ಅರಳಿದಾಗ ನೋಡಲು ಹೋದ ವಾಹನಗಳ ಸಾಲು ಸುದ್ದಿಯಾಗಿತ್ತು. ಜವಳಗೇರಾದ ಭತ್ತಕ್ಕೆ ಹೂವಿಗಿಂತ ಅದರ ಬುಡದ ಮಣ್ಣು ಮುಖ್ಯ. ತುಂಗೆ ಮತ್ತು ಭದ್ರೆ ಹುಟ್ಟುವ ಗಂಗಾಮೂಲದ ಸುತ್ತ ಹುಲ್ಲುಗಾವಲು, ಶೋಲಾ ಕಾಡು ಮೂರು ತಿಂಗಳು ಕುಡಿದ ನೀರನ್ನು ನಿಧಾನವಾಗಿ ಬಿಡುತ್ತವೆ. ಮಳೆ ನಿಂತರೂ ಹೊಳೆ ಹರಿಯುವುದು ಇದರಿಂದ. ಎರಡೂ ಹೊಳೆ ಕೂಡ್ಲಿಯಲ್ಲಿ ಸೇರಿ, ಮುಂದೆ ವರದಾ ನದಿಯನ್ನು ಕೂಡಿಸಿಕೊಂಡು ಹೊಸಪೇಟೆಯ ಹತ್ತಿರ ಅಣೆಕಟ್ಟೆಯನ್ನು ಮುಟ್ಟುತ್ತವೆ. ಅಲ್ಲಿಂದ 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಕೊಪ್ಪಳ ದಾಟಿ ಸಿಂಧನೂರಿನ ಬಯಲಿಗೆ ಬರುತ್ತದೆ. ಆಗುಂಬೆಯ ಜುಲೈ ಮಳೆ ಜವಳಗೇರಾದ ಗದ್ದೆಯಲ್ಲಿ ಅಕ್ಟೋಬರಿನಲ್ಲಿ ನಿಂತಿರುತ್ತದೆ.

ನೀರಿನ ಲೆಕ್ಕ ಆಗಸ್ಟಿಗೇ ಮುಗಿಯಿತು ಎಂದುಕೊಳ್ಳುವವರಿಗೆ 2024 ಪಾಠ ಕಲಿಸಿತು. ಆ ವರ್ಷದ ಆಗಸ್ಟ್ 10ರ ರಾತ್ರಿ ತುಂಬಿ ನಿಂತಿದ್ದ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ನೀರಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ಕೂಡಿಟ್ಟ ನೀರನ್ನು ಹೊಳೆಗೆ ಬಿಡಬೇಕಾಯಿತು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರೂ, ನಾಟಿ ಮಾಡಿದ ರೈತರ ಜೀವ ಬಾಯಿಗೆ ಬಂದಿತ್ತು. ಆಗ ಕೈ ಹಿಡಿದದ್ದು ಘಟ್ಟದ ಕೊನೆಯ ಮಳೆಗಳು. ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ಭರ್ತಿಯ ಹತ್ತಿರ ಬಂತು. ಮರುವರ್ಷ, 2025ರಲ್ಲಿ, ಹಳೆಯ ಗೇಟುಗಳ ಮೇಲೆ ಭಾರ ಹಾಕಬಾರದೆಂದು 80 ಟಿಎಂಸಿ ಅಡಿಯಷ್ಟೇ ನೀರು ನಿಲ್ಲಿಸುವ ತೀರ್ಮಾನವಾಯಿತು. 1953ರಲ್ಲಿ ಕಾಲುವೆಗೆ ನೀರು ಹರಿದಾಗ ಈ ಜಲಾಶಯ 133 ಟಿಎಂಸಿ ಅಡಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಹಿಡಿದಿಡುವ ಜಾಗ ಕಡಿಮೆಯಾದಷ್ಟೂ ತಡವಾಗಿ ಬರುವ ಮಳೆಯ ಬೆಲೆ ಹೆಚ್ಚು. ಜುಲೈನಲ್ಲಿ ಒಮ್ಮೆಗೇ ಬಂದ ಪ್ರವಾಹ ಗೇಟು ದಾಟಿ ಹೋಗುತ್ತದೆ, ಸೆಪ್ಟೆಂಬರಿನಲ್ಲಿ ನಿಧಾನಕ್ಕೆ ಬಂದದ್ದು ಕಾಲುವೆಗೆ ಸಿಗುತ್ತದೆ.

2023ರಲ್ಲಿ ಅದೂ ಸಿಗಲಿಲ್ಲ. ಆ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ದಾಖಲಾದ ಅತಿ ಒಣ ಆಗಸ್ಟ್. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಮೊದಲಿಗೆ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು, ಮುಂದೆ ಪಟ್ಟಿ 220 ದಾಟಿತು.

ಹಾಗಾದರೆ ಭತ್ತದ ರೈತನಿಗೆ ಊರ ಮೇಲಿನ ಮಳೆಯಿಂದ ಏನೂ ಆಗಬೇಕಿಲ್ಲವೇ? ಅಕ್ಟೋಬರ್ ಬಂದ ಮೇಲಂತೂ ಬೇಡವೇ ಬೇಡ. ಇಲ್ಲಿ ಸೋನಾ ಮಸೂರಿ ಹೆಸರಿನಲ್ಲಿ ಬೆಳೆಯುತ್ತ ಬಂದ ಬಿಪಿಟಿ 5204 ತಳಿ ಬಾಪಟ್ಲದಲ್ಲಿ ಹುಟ್ಟಿದ್ದು, ಕೊಯ್ಲಿಗೆ ಬರಲು ಐದು ತಿಂಗಳ ಹತ್ತಿರ ಹಿಡಿಯುತ್ತದೆ. ಕಾಲುವೆಗೆ ನೀರು ಬಿಡುವುದು ತಡವಾಗಿ ನಾಟಿ ಆಗಸ್ಟಿಗೆ ಹೋದರೆ, ತೆನೆ ಹೊರಬರುವ ಹೊತ್ತು ಸರಿಯಾಗಿ ಚಿತ್ತಿ, ಸ್ವಾತಿ ಮಳೆಗಳ ಬಾಯಿಗೆ ಬೀಳುತ್ತದೆ. ಮೋಡ ಮುಚ್ಚಿದ ಹಗಲು, ತಂಪು ರಾತ್ರಿ, ಎಲೆಯ ಮೇಲೆ ಆರದ ನೀರು, ಇವು ಮೂರೂ ಕೂಡಿದರೆ ಬೆಂಕಿ ರೋಗಕ್ಕೆ ಹಬ್ಬ. ಬುಡದಲ್ಲಿ ಉಸಿರಾಡದಷ್ಟು ದಟ್ಟವಾದ ಗದ್ದೆಯಲ್ಲಿ ಕಂದು ಜಿಗಿಹುಳು ಸೇರಿತೆಂದರೆ ಗುಂಡಗೆ ಸುಟ್ಟಂತೆ ಬೆಳೆ ಒಣಗುತ್ತದೆ. ತೆನೆ ತುಂಬಿ ತಲೆಬಾಗಿದ ಮೇಲೆ ಒಂದು ಗಾಳಿಮಳೆ ಸಾಕು, ಭತ್ತ ನೆಲಕಚ್ಚುತ್ತದೆ, ನೀರಲ್ಲಿ ಬಿದ್ದ ಕಾಳು ಅಲ್ಲೇ ಮೊಳೆಯುತ್ತದೆ. ಜವಳಗೇರಾದಲ್ಲಿರುವ ಕೇಂದ್ರೀಯ ಬೀಜೋತ್ಪಾದನಾ ಫಾರ್ಮಿಗೂ (ಈಗ ಅದು ರಾಷ್ಟ್ರೀಯ ಬೀಜ ನಿಗಮದ ಅಧೀನ) ಇದೇ ಆತಂಕ. ಕೊಯ್ಲಿಗೆ ಮುಂಚೆ ನೆನೆದ ಕಾಳು ಊಟಕ್ಕೆ ಹೇಗೋ ಆದೀತು, ಬೀಜಕ್ಕೆ ಆಗದು.

ಕಾಲುವೆಯ ಬೆನ್ನಿಗೇ ಬಂದ ಜನ ಇಲ್ಲಿನ ಋತುವಿಗೆ ತಮ್ಮದನ್ನೂ ಸೇರಿಸಿದ್ದಾರೆ. ಗೋದಾವರಿ, ಕೃಷ್ಣಾ ಮುಖಜಭೂಮಿಯ ಕಡೆಯಿಂದ ಬಂದ ತೆಲುಗು ರೈತರ ಕ್ಯಾಂಪುಗಳು ಸಿಂಧನೂರು ಸುತ್ತ ಎಲ್ಲೆಲ್ಲೂ ಇವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ನಿಂತಿವೆ. ಶರದೃತುವಿನಲ್ಲಿ ಅಲ್ಲಿ ದುರ್ಗಾಪೂಜೆಯ ಪೆಂಡಾಲು ಏಳುತ್ತದೆ, ಪಕ್ಕದ ಹಳ್ಳಿಗಳಲ್ಲಿ ಬನ್ನಿ ಮುಡಿಯುತ್ತಾರೆ. ಈ ಜನ ಬಿಟ್ಟುಬಂದ ಕೊಲ್ಲಿಯಲ್ಲೇ ಎದ್ದ ಮೋಡ ಎಷ್ಟೋ ವರ್ಷ ಪೂಜೆಯ ದಿನಗಳಲ್ಲಿ ಸಿಂಧನೂರಿನ ಪೆಂಡಾಲನ್ನೂ ನೆನೆಸುವುದುಂಟು.

ಎರೆ ಹೊಲಕ್ಕೆ ಬಂದರೆ ಕಥೆ ತಲೆಕೆಳಗು. ಭತ್ತಕ್ಕೆ ಬೇಡವಾದ ಮಳೆಯೇ ಇಲ್ಲಿ ಬಂಡವಾಳ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಕರಿ ಮಣ್ಣು ಮಳೆ ಬಿದ್ದಾಗ ಮೊದಲು ಬಿರುಕುಗಳ ಮೂಲಕವೇ ಆಳಕ್ಕೆ ನೀರು ಇಳಿಸುತ್ತದೆ, ಆಮೇಲೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಮೀಟರ್ ಆಳದ ಎರೆ ಬೆಳೆಗೆ ಸಿಗುವಂತೆ ಸುಮಾರು 150ರಿಂದ 200 ಮಿಲಿಮೀಟರ್ ಮಳೆಯ ನೀರನ್ನು ಹಿಡಿದಿಡಬಲ್ಲದು. ಅದಕ್ಕೇ ಮಳೆಗಾಲದುದ್ದಕ್ಕೂ ಹೊಲ ಖಾಲಿ ಬಿಟ್ಟು, ಕುಂಟೆ ಹೊಡೆದು, ಕಸ ಹರಗುತ್ತ ಕಾಯುವ ಪದ್ಧತಿ. ಹೊರಗಿನವರಿಗೆ ಅದು ಪಾಳು ಹೊಲ, ಒಕ್ಕಲಿಗನಿಗೆ ನೀರು ಕೂಡಿಡುವ ಹಗೇವು. ಉತ್ತರಿ, ಹಸ್ತದಲ್ಲಿ ಹದ ಸಿಕ್ಕಿತೋ ಕೂರಿಗೆ ಹೂಡಿ ಬಿಳಿಜೋಳ ಬಿತ್ತುತ್ತಾರೆ, ಅದರ ಹಿಂದೆ ಕಡಲೆ, ಕುಸುಬೆ. ಮಾಲದಂಡಿ ಜೋಳ ಎಂಬತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಸೀಮೆಯಲ್ಲಿ ಬಾಳಿರುವುದು ಆಮೇಲೆ ಹನಿ ಬೀಳದಿದ್ದರೂ ನೆಲದಾಳದ ತೇವದಲ್ಲೇ ತೆನೆ ಕಟ್ಟುವ ಗುಣದಿಂದ.

ಬಿತ್ತಿದ ಮೇಲೆ ಎರೆಯವರಿಗೂ ಮಳೆ ಸಾಕು. ಬೇಕಾದದ್ದು ಗಾಳಿ ತಿರುಗುವುದು. ಅಕ್ಟೋಬರ್ ಮಧ್ಯದ ನಂತರ ಮೂಡಗಾಳಿ ಬೀಸತೊಡಗುತ್ತದೆ. ಅದಕ್ಕೂ ಮುಂಚಿನ ಒಂದೆರಡು ವಾರ ಗಾಳಿಯೇ ಇಲ್ಲದ ಸೆಖೆ. ಮೋಡವಿಲ್ಲ, ನೆಲದ ತೇವ ಆರಿಲ್ಲ, ಹಗಲು ಮೂವತ್ತೆರಡು ಡಿಗ್ರಿಯಾದರೂ ಮೈ ಬೆವರುವುದು ಏಪ್ರಿಲ್ಲನ್ನು ನೆನಪಿಸುತ್ತದೆ. ನಂತರ ನಿಚ್ಚಳ ಆಕಾಶದ ರಾತ್ರಿಗಳಲ್ಲಿ ನೆಲ ತನ್ನ ಕಾವನ್ನು ಮೇಲಕ್ಕೆ ಬಿಟ್ಟು ತಣಿಯುತ್ತದೆ, ಬೆಳಗ್ಗೆ ಜೋಳದ ಸುಳಿಯಲ್ಲಿ ಇಬ್ಬನಿ ನಿಲ್ಲುತ್ತದೆ. ಅದೇ ತಂಪಿಗೆ ಮಂಜು ದಟ್ಟವಾಗಿ ದಿನಗಟ್ಟಲೆ ಕವಿದರೆ ತೊಗರಿಯ ಹೂ ಉದುರುತ್ತದೆ. ಅಳತೆ ತಪ್ಪಿದರೆ ಯಾವುದೂ ಒಳ್ಳೆಯದಲ್ಲ ಎನ್ನುವುದು ತೊಗರಿ ಹೊಲದವರಿಗೆ ಚೆನ್ನಾಗಿ ಗೊತ್ತು.

ಈ ದಿನಗಳಲ್ಲಿ ಹೊಲದ ಮೇಲೆ ನೂರುಗಟ್ಟಲೆ ಹಾರುವ ಹಳದಿ ಏರೋಪ್ಲೇನ್ ಚಿಟ್ಟೆಗಳನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಮಳೆನೀರಿನ ಹೊಂಡಗಳಲ್ಲಿ ಹುಟ್ಟುವ ಈ ಜಾತಿಯ ಚಿಟ್ಟೆಗಳು ಭಾರತದಿಂದ ಮಾಲ್ಡೀವ್ಸ್ ಮೂಲಕ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆ ಎಂದು 2009ರಲ್ಲಿ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ ವಾದಿಸಿದರು. ಅವುಗಳನ್ನು ಹೊತ್ತೊಯ್ಯುವುದೂ ಇದೇ ತಿರುಗಿದ ಗಾಳಿ.

ಗಾಳಿ ತಿರುಗುವ ಮುಂಚಿನ ಕೊಲ್ಲಿಯ ಮೋಡ ಹದ ಮೀರಿದರೆ ಏನಾಗುತ್ತದೆ ಎನ್ನುವುದನ್ನು ಈ ಜಿಲ್ಲೆ ಎರಡು ಸಲ ಗಟ್ಟಿಯಾಗಿ ಕಂಡಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ, ಆ ವರ್ಷ ಬರ ಎಂದುಕೊಂಡಿದ್ದ ಉತ್ತರ ಕರ್ನಾಟಕದ ಮೇಲೆ ಮೂರ್ನಾಲ್ಕು ದಿನ ಬಿಡದೆ ಸುರಿಯಿತು. ರಾಯಚೂರು, ಬಾಗಲಕೋಟೆ, ವಿಜಯಪುರ ಸೀಮೆಗಳ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ನೆನೆದು ಕುಸಿದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿತು, ಕರ್ನೂಲು ನಗರ ನೀರಲ್ಲಿ ನಿಂತಿತು. ಮನೆ ಕಳೆದುಕೊಂಡವರಿಗೆ ಸರ್ಕಾರ ‘ಆಸರೆ’ ಹೆಸರಿನಲ್ಲಿ ಹೊಸ ಊರುಗಳನ್ನೇ ಕಟ್ಟಬೇಕಾಯಿತು. 2020ರ ಅಕ್ಟೋಬರಿನಲ್ಲಿ ಮತ್ತೆ ಅದೇ ದಾರಿ: 13ರಂದು ಕಾಕಿನಾಡದ ಹತ್ತಿರ ದಡ ಹತ್ತಿದ ಕುಸಿತ ಹೈದರಾಬಾದನ್ನು ಮುಳುಗಿಸಿ ಪಶ್ಚಿಮಕ್ಕೆ ಬಂದು ಭೀಮಾ ತೀರವನ್ನು ತೊಳೆಯಿತು. ಅದೇ ತಿಂಗಳು ಮಸ್ಕಿ ಹಳ್ಳಕ್ಕೆ ಹಠಾತ್ತಾಗಿ ನೀರು ಬಂದು ಜನ ಸಿಲುಕಿದ್ದರು. ವರ್ಷದ ಹತ್ತು ತಿಂಗಳು ಒಣಗಿರುವ ಹಳ್ಳಗಳೇ ಈ ಸೀಮೆಯಲ್ಲಿ ಹೆಚ್ಚು ಅಪಾಯದವು. ಹೊಳೆಗೆ ಜನ ಅಂಜುತ್ತಾರೆ, ಹಳ್ಳಕ್ಕೆ ಅಂಜುವುದಿಲ್ಲ.

ಇಷ್ಟಿದ್ದೂ ನಮ್ಮ ಆಡಳಿತದ ಮಳೆಗಾಲ ಇಂದಿಗೂ ಜೂನ್ 1ಕ್ಕೆ ಶುರುವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಆ ನಾಲ್ಕು ತಿಂಗಳ ಸರಾಸರಿಯಲ್ಲಿ ವಾಡಿಕೆ ಮಳೆ ಆಯಿತೆಂದು ಷರಾ ಬರೆದರೆ ಜವಳಗೇರಾದ ಮಟ್ಟಿಗೆ ಅದು ಅರ್ಧ ಮಾತು. ಉತ್ತರಿ ತಪ್ಪಿದರೆ ಬಿತ್ತನೆ ತಪ್ಪಿತು, ಸ್ವಾತಿ ಅತಿಯಾದರೆ ಭತ್ತ ಬಿತ್ತು. ಎರಡೂ ಸರಾಸರಿಯಲ್ಲಿ ಕಾಣುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ, ‘ವರುಣಮಿತ್ರ’ ಸಹಾಯವಾಣಿ ನಡೆಸುತ್ತಿದೆ. ಕೊಯ್ಲಿನ ಯಂತ್ರಕ್ಕೆ ಮುಂಗಡ ಕೊಡುವ ಮುನ್ನ, ಔಷಧ ಹೊಡೆಯುವ ಮುನ್ನ ಒಂದು ಕರೆ ಮಾಡಿ ಕೇಳುವುದಕ್ಕೆ ಖರ್ಚಿಲ್ಲ.

ಕೊನೆಯದಾಗಿ, ಈ ಕಾಲದ ಮಳೆ ಮುಂಗಾರಿನ ಜಡಿಮಳೆಯಂಥದಲ್ಲ, ಸಿಡಿಲು ಹೊತ್ತದ್ದು. ಹತ್ತಿ ಬಿಡಿಸುವವರು, ಕುರಿ ಕಾಯುವವರು, ಕಸ ಕೀಳುವವರು ಬಟಾಬಯಲಲ್ಲಿ ಇರುವುದೂ ಇದೇ ಹೊತ್ತು, ಮಧ್ಯಾಹ್ನ ಮೂರರಿಂದ ಆರು. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ ಎಂದರ್ಥ. ಹೊಲದ ಒಂಟಿ ಬೇವಿನ ಮರದ ಕೆಳಗೆ ನಿಲ್ಲಬೇಡಿ, ಗುಂಪಾಗಿ ಕೂರಬೇಡಿ, ಪಕ್ಕಾ ಕಟ್ಟಡವೋ ಮುಚ್ಚಿದ ವಾಹನವೋ ಇದ್ದರೆ ಒಳಗೆ ಹೋಗಿ. ಎರಡೂ ಇಲ್ಲದಿದ್ದರೆ ಕಾಲು ಜೋಡಿಸಿ ತಗ್ಗಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ಕೊನೆಯ ಗುಡುಗು ಕೇಳಿಸಿ ಅರ್ಧ ಗಂಟೆ ಆದ ಮೇಲಷ್ಟೇ ಕೆಲಸಕ್ಕೆ ಮರಳಿ. ಮನೆಯಲ್ಲಿ ಯಾರ ಕೈಯಲ್ಲಾದರೂ ಸ್ಮಾರ್ಟ್‌ಫೋನ್ ಇದ್ದರೆ ಸಿಡಿಲಿನ ಮುನ್ಸೂಚನೆ ಕೊಡುವ ‘ದಾಮಿನಿ’ ಆ್ಯಪ್ ಹಾಕಿಸಿಕೊಳ್ಳಿ, ಹೊಲದಲ್ಲಿರುವವರಿಗೆ ಫೋನ್ ಮಾಡಿ ಹೇಳಿ.